ಕುದುರೆ, ಯುದ್ಧವಿಮಾನ, ಕಾದಂಬರಿ: ಒಂದೇ ಕಪಾಟಿನ ಪುಸ್ತಕಗಳನ್ನು ಬೇರ್ಪಡಿಸಬೇಕೇ?

ಪ್ರಶ್ನೆ: ಕೌಲ್‌ಬಜಾರ್ ಓದುಗ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಭಾರತೀಯ ಸೇನೆಯ ರಿಮೌಂಟ್ ಅಂಡ್ ವೆಟರ್ನರಿ ಕೋರ್‌ನಲ್ಲಿ ಪಶುವೈದ್ಯರಾಗಿದ್ದರು. ನಿವೃತ್ತಿಯ ನಂತರ ಬಳ್ಳಾರಿಯಲ್ಲಿಯೇ ನೆಲೆಸಿದ್ದ ಅವರು ಕಳೆದ ವರ್ಷ ತೀರಿಕೊಂಡರು. ಅತ್ತೆಯವರು ಈಗ ನಮ್ಮೊಡನೆ ಇದ್ದಾರೆ. ಅವರ ಜೊತೆಗೆ ಮಾವನ ಎರಡು ಕಪಾಟಿನಷ್ಟು ಪುಸ್ತಕಗಳೂ ನಮ್ಮ ಮನೆಗೆ ಬಂದಿವೆ.

ಒಂದು ಭಾಗ ಕುದುರೆ, ಕತ್ತೆ, ಹೇಸರಗತ್ತೆಗಳನ್ನು ಕುರಿತದ್ದು: ಅಂಗರಚನೆ, ಗೊರಸಿನ ಕಾಯಿಲೆಗಳು, ಲಾಳ ಕಟ್ಟುವ ಕ್ರಮ, ತಳಿಗಳ ಪರಿಚಯ, ಸವಾರಿಯ ಕೈಪಿಡಿಗಳು. ಇನ್ನೊಂದು ಭಾಗ ಯುದ್ಧವಿಮಾನಗಳದ್ದು. ಹೆಚ್ಚಿನವು 1960ರಿಂದ 1985ರ ನಡುವೆ ಅಚ್ಚಾದ, ನುಣುಪು ಹಾಳೆಯ ದಪ್ಪ ಸಂಪುಟಗಳು. ಉಳಿದವು ಕಾದಂಬರಿಗಳು. ಅನಕೃ, ತರಾಸು, ತ್ರಿವೇಣಿಯವರ ಹಳೆಯ ಮುದ್ರಣಗಳ ನಡುವೆ ರೈಲು ನಿಲ್ದಾಣದ ಅಂಗಡಿಯಲ್ಲಿ ಕೊಂಡ ಇಂಗ್ಲಿಷ್ ಪತ್ತೇದಾರಿ ಪುಸ್ತಕಗಳೂ, ಕುದುರೆಯೇ ತನ್ನ ಕಥೆ ಹೇಳಿಕೊಳ್ಳುವ ‘ಬ್ಲ್ಯಾಕ್ ಬ್ಯೂಟಿ’ಯೂ ಇವೆ.

ಮನೆಯಲ್ಲಿ ಎಲ್ಲರದೂ ಒಂದೇ ಅಭಿಪ್ರಾಯವಲ್ಲ. ಕಾದಂಬರಿಗಳನ್ನು ಇಟ್ಟುಕೊಂಡು ಉಳಿದವನ್ನು ರದ್ದಿಗೆ ಹಾಕಬೇಕೆಂಬುದು ಅಣ್ಣನ ವಾದ. ನಲವತ್ತು ವರ್ಷ ಹಳೆಯ ವಿಮಾನದ ಪುಸ್ತಕವನ್ನು ಯಾರು ಓದುತ್ತಾರೆ ಎಂದು ಕೇಳುತ್ತಾನೆ. ಒಂದನ್ನೂ ಕದಲಿಸಕೂಡದು ಎಂಬುದು ಅತ್ತೆಯವರ ಮಾತು. ಗ್ರಂಥಾಲಯಕ್ಕೆ ಕೊಡುವುದಾದರೆ ಒಟ್ಟಿಗೆ ಕೊಡಬೇಕೇ, ಬಿಡಿಬಿಡಿಯಾಗಿ ಕೊಡಬೇಕೇ? ಇಟ್ಟುಕೊಳ್ಳುವುದಾದರೆ ನಮ್ಮ ಊರಿನ ಬಿಸಿಲು ಮತ್ತು ಧೂಳಿನಿಂದ ಕಾಪಾಡುವುದು ಹೇಗೆ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ನಿವೃತ್ತ ಗ್ರಂಥಪಾಲಕ, ರಾಯಚೂರು

ರದ್ದಿಯ ಮಾತನ್ನು ಮೊದಲು ಕೈಬಿಡಿ. ಅಣ್ಣನವರಿಗೆ ಬೇಡವಾದ ಪುಸ್ತಕ ಇನ್ನಾರಿಗೋ ಬೇಕಾಗಿರುತ್ತದೆ ಎಂಬ ನಂಬಿಕೆಯ ಮೇಲೆಯೇ ನಮ್ಮ ವೃತ್ತಿ ನಿಂತಿದೆ, ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ‘ಪ್ರತಿ ಪುಸ್ತಕಕ್ಕೂ ಅದರ ಓದುಗ’ ಎಂಬುದೂ ಒಂದು.

ಆದರೆ ಗ್ರಂಥಾಲಯಕ್ಕೆ ಒಟ್ಟಿಗೆ ಕೊಟ್ಟರೂ ಅವು ಅಲ್ಲಿ ಒಟ್ಟಿಗೆ ಉಳಿಯುವುದಿಲ್ಲ ಎಂಬುದನ್ನು ಅತ್ತೆಯವರಿಗೆ ಮೊದಲೇ ತಿಳಿಸಿಬಿಡಿ. ನೀವು ಮೂರು ಭಾಗವೆಂದು ಎಣಿಸಿದ್ದು, ಪ್ರತಿ ವಿಷಯಕ್ಕೂ ಒಂದು ಅಂಕಿ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಆರು ಕಡೆ ಚದುರುತ್ತದೆ. ಕುದುರೆ ಸಾಕಣೆ ಮತ್ತು ಚಿಕಿತ್ಸೆ 636.1ಕ್ಕೂ, ಸವಾರಿ 798ಕ್ಕೂ, ಯುದ್ಧವಿಮಾನದ ಯಂತ್ರರಚನೆ 623.746ಕ್ಕೂ, ವಾಯುಪಡೆಗಳ ವಿಚಾರ 358.4ಕ್ಕೂ, ಇಂಗ್ಲಿಷ್ ಕಾದಂಬರಿ 823ಕ್ಕೂ, ಕನ್ನಡ ಕಾದಂಬರಿ 894.814ಕ್ಕೂ ಹೋಗುತ್ತವೆ. ನಿಮ್ಮ ‘ಬ್ಲ್ಯಾಕ್ ಬ್ಯೂಟಿ’ ಯಾವ ಸಂಶಯವೂ ಇಲ್ಲದೆ 823ರಲ್ಲಿ ಕೂರುತ್ತದೆ. ಹೇಳುವವರು ಕುದುರೆಯಾದರೇನು, ರಾಜಕುಮಾರನಾದರೇನು, ಕಟ್ಟುಕಥೆ ಕಟ್ಟುಕಥೆಯೇ. ಆದ್ದರಿಂದ ವಿಷಯವಾರು ಬೇರ್ಪಡಿಸಿ, ಆಯಾ ವಿಷಯಕ್ಕೆ ಓದುಗರಿರುವ ಕಡೆಗೆ ಕೊಡುವುದೇ ಸರಿ ಎಂದು ನನ್ನ ಅಭಿಪ್ರಾಯ.

ರಕ್ಷಣೆಯ ವಿಷಯ: ನಮ್ಮ ಭಾಗದಲ್ಲಿ ಪುಸ್ತಕಕ್ಕೆ ತೇವಕ್ಕಿಂತ ಗೆದ್ದಲು ಮತ್ತು ಧೂಳಿನ ಕಾಟವೇ ಹೆಚ್ಚು. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿಡಿ, ಕೆಳಗಿನ ಹಲಗೆ ನೆಲಕ್ಕೆ ತಾಗದಂತೆ ನೋಡಿಕೊಳ್ಳಿ, ಬೆನ್ನಿಗೆ ನೇರ ಬಿಸಿಲು ಬೀಳದಂತೆ ಮಾಡಿ. ಗದ್ದಲದಲ್ಲಿ ಎಲ್ಲರೂ ಮರೆಯುವ ಸಂಗತಿಯೊಂದಿದೆ: ಲೇಪವಿರುವ ನುಣುಪು ಹಾಳೆ ಒಮ್ಮೆ ನೆನೆದು ಒಣಗಿದರೆ ಪುಟಗಳು ಒಂದಕ್ಕೊಂದು ಅಂಟಿಕೊಂಡು ಹಲಗೆಯಂತಾಗುತ್ತವೆ, ಮತ್ತೆ ಬಿಡಿಸಲಾಗುವುದಿಲ್ಲ. ಮಳೆಗಾಲದಲ್ಲಿ ಸೋರುವ ಮಾಳಿಗೆಯಿದ್ದರೆ ವಿಮಾನದ ಸಂಪುಟಗಳನ್ನು ಮೊದಲು ಸ್ಥಳಾಂತರಿಸಿ.

ಉತ್ತರ 2: ನಿವೃತ್ತ ವಿಮಾನ ತಂತ್ರಜ್ಞ, ಸಿರುಗುಪ್ಪ

ಗ್ರಂಥಪಾಲಕರು ಹೇಳಿದ್ದರಲ್ಲಿ ಅರ್ಧವನ್ನು ಒಪ್ಪುತ್ತೇನೆ. ವಿಮಾನದ ಪುಸ್ತಕ ಹಳತಾಯಿತು ಎಂಬ ಅಣ್ಣನವರ ಮಾತಿಗೆ ಮಾತ್ರ ಸ್ವಲ್ಪ ದೀರ್ಘವಾಗಿಯೇ ಉತ್ತರಿಸಬೇಕಾಗಿದೆ.

ಯುದ್ಧವಿಮಾನದ ಪುಸ್ತಕಕ್ಕೆ ಎರಡು ಆಯುಷ್ಯ. ಅಚ್ಚಾದ ಐದಾರು ವರ್ಷ ಅದು ಮಾಹಿತಿ. ಆಮೇಲೆ ಕೆಲಕಾಲ ಯಾರಿಗೂ ಬೇಡದ ಕಾಗದ. ಇನ್ನೂ ಕೆಲವು ದಶಕ ಕಳೆದರೆ ಅದೇ ದಾಖಲೆ. ನಿಮ್ಮ ಮಾವನವರ ಸಂಪುಟಗಳು ಈಗ ಮೂರನೆಯ ಹಂತಕ್ಕೆ ಬಂದಿವೆ. 1963ರಲ್ಲಿ ನಮ್ಮ ವಾಯುಪಡೆಗೆ ಸೇರಿದ ಮಿಗ್-21 ಅನ್ನು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡಲಾಯಿತು. ಆ ವಿಮಾನ ಹೊಸದಾಗಿದ್ದಾಗ ಜಗತ್ತು ಅದನ್ನು ಹೇಗೆ ಕಂಡಿತ್ತು ಎಂದು ತಿಳಿಯಬೇಕಾದವರು ಇಂದಿನ ಪುಸ್ತಕವನ್ನಲ್ಲ, ಅಂದಿನದನ್ನೇ ತೆರೆಯಬೇಕು. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ತಂಡ ವಿನ್ಯಾಸಗೊಳಿಸಿದ ಮಾರುತ್ ಯುದ್ಧವಿಮಾನ 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿತು. ಆ ಚೌಕಟ್ಟಿಗೆ ತಕ್ಕ ಎಂಜಿನ್ ಕೊನೆಗೂ ಒದಗಲಿಲ್ಲ. ಆರ್ಫಿಯಸ್ ಎಂಜಿನ್‌ಗಳಲ್ಲಿಯೇ ಅದು ತನ್ನ ಸೇವೆ ಮುಗಿಸಿತು. ಅರವತ್ತರ ದಶಕದ ಸಂಪುಟವೊಂದರಲ್ಲಿ ಮಾರುತ್‌ನ ಪುಟವಿದ್ದರೆ ಓದಿ ನೋಡಿ: ಮುಂದೆ ಆಗಲಿದೆ ಎಂದು ಬರೆದಿರುವುದಕ್ಕೂ ನಿಜವಾಗಿ ಆದದ್ದಕ್ಕೂ ಇರುವ ಅಂತರ ಯಾವ ಕಾದಂಬರಿಗೂ ಕಡಿಮೆಯಿಲ್ಲ.

ತಪ್ಪು ಮಾಹಿತಿಗೂ ಬೆಲೆಯಿದೆ. ಸೋವಿಯತ್ ಒಕ್ಕೂಟದ ಮಿಗ್-25ನ್ನು ಪಶ್ಚಿಮದ ತಜ್ಞರು ವರ್ಷಗಟ್ಟಲೆ ದೂರದಿಂದಲೇ ಅಂದಾಜು ಮಾಡಿದ್ದರು. 1976ರ ಸೆಪ್ಟೆಂಬರ್ 6ರಂದು ವಿಕ್ಟರ್ ಬೆಲೆಂಕೊ ಎಂಬ ಪೈಲಟ್ ಅದನ್ನು ಜಪಾನಿನ ಹಕೊದಾತೆಯಲ್ಲಿ ಇಳಿಸಿ ಶರಣಾದಾಗ ಅದನ್ನು ಬಿಚ್ಚಿ ನೋಡುವ ಅವಕಾಶ ಸಿಕ್ಕಿತು. ಟೈಟೇನಿಯಂ ಎಂದುಕೊಂಡಿದ್ದ ಮೈ ಹೆಚ್ಚಾಗಿ ನಿಕ್ಕಲ್ ಮಿಶ್ರಿತ ಉಕ್ಕಿನದಾಗಿತ್ತು, ರೇಡಾರಿನಲ್ಲಿ ಹಳೆಯ ಕಾಲದ ರೇಡಿಯೊಗಳಲ್ಲಿದ್ದಂಥ ವಾಲ್ವ್‌ಗಳಿದ್ದವು, ಚುರುಕಾಗಿ ಹೊರಳಿ ಕಾದಾಡುವ ವಿಮಾನವೆಂದು ಹೆದರಿದ್ದವರಿಗೆ ಸಿಕ್ಕಿದ್ದು ಎತ್ತರದಲ್ಲಿ ನೇರವಾಗಿ ನುಗ್ಗಿ ಶತ್ರುವಿಮಾನವನ್ನು ತಡೆಯುವ ಭಾರದ ಯಂತ್ರ. ಹಾಗಾಗಿ 1976ಕ್ಕೆ ಮೊದಲಿನ ಸಂಪುಟವನ್ನೂ ನಂತರದ್ದನ್ನೂ ಪಕ್ಕಪಕ್ಕದಲ್ಲಿ ಇಡಿ. ಒಂದನ್ನು ಮಾತ್ರ ಇಟ್ಟುಕೊಂಡರೆ ಈ ಕಥೆ ಕೈಗೆ ಸಿಗುವುದಿಲ್ಲ.

ಇನ್ನೊಂದು ಮಾತು. ಕುದುರೆ ವೈದ್ಯರಿಗೆ ವಿಮಾನದ ಹುಚ್ಚು ಏಕೆ ಹಿಡಿಯಿತು ಎಂದು ನೀವು ಕೇಳಿಲ್ಲ, ಆದರೆ ಸೇನೆಯಲ್ಲಿದ್ದವರಿಗೆ ಅದು ವಿಚಿತ್ರವಲ್ಲ. 1948ರ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಅವರು ಡಕೋಟಾ ಸಾಗಾಣಿಕೆ ವಿಮಾನವನ್ನು ಮೊದಲ ಬಾರಿಗೆ ಲೇಹ್‌ನಲ್ಲಿ ಇಳಿಸಿದಾಗ ಅದರಲ್ಲಿದ್ದ ಪ್ರಯಾಣಿಕರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. ಅಂದಿನಿಂದ ದಶಕಗಟ್ಟಲೆ ಹಿಮಾಲಯದ ಠಾಣೆಗಳಿಗೆ ಸಾಮಾನು ಸಾಗುತ್ತಿದ್ದ ಕ್ರಮ ಹೀಗೆ: ವಿಮಾನ ಇಳಿಯುವ ಅಥವಾ ಮೂಟೆ ಉದುರಿಸುವ ತಾಣದವರೆಗೆ ವಾಯುಪಡೆ, ಅಲ್ಲಿಂದ ದಾರಿಯಿಲ್ಲದ ಏರಿಗೆ ಹೇಸರಗತ್ತೆ. ಅವರ ಸಂಗ್ರಹದಲ್ಲಿ ಕಾದಾಡುವ ವಿಮಾನಗಳಿಗಿಂತ ಸಾಗಾಣಿಕೆಯ ವಿಮಾನಗಳ ಪುಟಗಳೇ ಹೆಚ್ಚು ಮಾಸಿರಬಹುದು, ನೋಡಿ ಹೇಳಿ. ಹಾಗಿದ್ದರೆ ಅವು ಎರಡು ವಿಷಯದ ಪುಸ್ತಕಗಳಲ್ಲ.

ಉತ್ತರ 3: ಪಶುವೈದ್ಯೆ, ಸಿಂಧನೂರು

ಕುದುರೆಯ ಪುಸ್ತಕಗಳ ವಿಷಯಕ್ಕೆ ಬರುತ್ತೇನೆ. ಇವು ವಿಮಾನದ ಪುಸ್ತಕಗಳಂತೆ ಇಡಿಯಾಗಿ ಹಳತಾಗುವುದಿಲ್ಲ, ಒಂದೇ ಪುಸ್ತಕದ ಒಂದು ಅಧ್ಯಾಯ ಹಳತಾಗಿ ಇನ್ನೊಂದು ಹಾಗೆಯೇ ಉಳಿಯುತ್ತದೆ. ಅಂಗರಚನೆಯ ಚಿತ್ರ ನೂರು ವರ್ಷ ಹಳೆಯದಾದರೂ ನಡೆಯುತ್ತದೆ. ಕುದುರೆ ತನ್ನ ಮೂಳೆಗಳನ್ನು ಬದಲಿಸಿಕೊಂಡಿಲ್ಲ. ಹಲ್ಲು ನೋಡಿ ವಯಸ್ಸು ಹೇಳುವ ಕ್ರಮವೂ ಅಷ್ಟೇ. ಮೇಲ್ದವಡೆಯ ಮೂಲೆಯ ಬಾಚಿಹಲ್ಲಿನ ಮೇಲೆ ಸುಮಾರು ಹತ್ತನೆಯ ವರ್ಷಕ್ಕೆ ವಸಡಿನ ಬಳಿ ಕಂದು ಗೆರೆಯೊಂದು ಕಾಣಿಸುತ್ತದೆ. ಹದಿನೈದಕ್ಕೆ ಅದು ಹಲ್ಲಿನ ನಡುವಿಗೂ ಇಪ್ಪತ್ತಕ್ಕೆ ತುದಿಗೂ ಬಂದು, ಆಮೇಲೆ ಮೇಲಿನಿಂದ ಅಳಿಸುತ್ತ ಹೋಗುತ್ತದೆ. ವಯಸ್ಸು ಹೆಚ್ಚಿದಂತೆ ಇದು ಅಂದಾಜು ಮಾತ್ರ ಎಂಬುದನ್ನು ಒಳ್ಳೆಯ ಪುಸ್ತಕಗಳು ಹೇಳುತ್ತವೆ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಎಂಬ ಗಾದೆ ನಮ್ಮದು. ಕುದುರೆಯನ್ನು ಯಾರಾದರೂ ದಾನ ಕೊಟ್ಟರೆ ಧಾರಾಳವಾಗಿ ಎಣಿಸಿ.

ಅಪಾಯವಿರುವುದು ಔಷಧದ ಅಧ್ಯಾಯಗಳಲ್ಲಿ. ಇಂದು ಹುಳುವಿನ ಔಷಧವೆಂದರೆ ಮೊದಲು ನೆನಪಾಗುವ ಐವರ್ಮೆಕ್ಟಿನ್ ಬಳಕೆಗೆ ಬಂದದ್ದೇ 1980ರ ದಶಕದಲ್ಲಿ. ಅದಕ್ಕಿಂತ ಬಹಳ ಹಿಂದಿನ ಪುಸ್ತಕಗಳಲ್ಲಿ ಪಾಷಾಣ, ಪಾದರಸದ ಯೋಗಗಳೂ ಸಿಗುತ್ತವೆ. ಅಂಥ ಪುಸ್ತಕ ತಿಳಿಯದವರ ಕೈಗೆ ಹೋದರೆ ಪ್ರಾಣಿಯ ಪ್ರಾಣಕ್ಕೆ ಕುತ್ತು. ಕೊಡುವಾಗ ಒಳರಕ್ಷಾಪುಟದಲ್ಲಿ ‘ಚಿಕಿತ್ಸೆಯ ಭಾಗ ಈಗ ಬಳಕೆಗಲ್ಲ’ ಎಂದು ಚೀಟಿಯೊಂದನ್ನು ಇಡಿ.

ಇನ್ನು ಕತ್ತೆಯ ಪುಸ್ತಕಗಳನ್ನು ಎಲ್ಲಕ್ಕಿಂತ ಜೋಪಾನವಾಗಿಡಿ ಎಂದು ಕೇಳಿಕೊಳ್ಳುತ್ತೇನೆ. ಕುದುರೆಯ ಗ್ರಂಥಗಳಲ್ಲಿ ಕತ್ತೆಗೆ ಕೊನೆಯ ನಾಲ್ಕು ಪುಟ ಮೀಸಲಿಡುವುದು ವಾಡಿಕೆ, ಅದು ಚಿಕ್ಕ ಕುದುರೆಯೇನೋ ಎಂಬಂತೆ. ಹಾಗಲ್ಲ. ನೋವನ್ನು ಕತ್ತೆ ಅಷ್ಟಾಗಿ ತೋರಿಸಿಕೊಳ್ಳುವುದಿಲ್ಲ. ಮೇವು ಬಿಟ್ಟರೆ ರಕ್ತದಲ್ಲಿ ಕೊಬ್ಬು ಏರಿ ಬೇಗನೆ ಪ್ರಾಣಾಪಾಯಕ್ಕೆ ಹೋಗುತ್ತದೆ. ಫಿನೈಲ್‌ಬ್ಯೂಟಜೋನ್‌ನಂಥ ನೋವಿನ ಔಷಧ ಅದರ ಮೈಯಿಂದ ಕುದುರೆಗಿಂತ ಬೇಗ ಹೊರಬೀಳುತ್ತದೆ. ಇದನ್ನೆಲ್ಲ ಬರೆದಿಟ್ಟ ಪುಸ್ತಕಗಳು ಮೊದಲೇ ಕಡಿಮೆ, ಪ್ರಾಣಿಯೂ ಕಡಿಮೆಯಾಗುತ್ತಿದೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು, 2019ರಲ್ಲಿ ಉಳಿದದ್ದು ಸುಮಾರು 1.2 ಲಕ್ಷ.

ಎಲ್ಲಿಗೆ ಕೊಡಬೇಕೆಂಬುದಕ್ಕೆ: ಪಶುವೈದ್ಯ ವಿಶ್ವವಿದ್ಯಾಲಯವಿರುವುದು ಬೀದರಿನಲ್ಲಿ. ವಾಯುಪಡೆಯ ತರಬೇತಿ ನೆಲೆಯೂ ಅಲ್ಲಿಯೇ ಇದೆ. ಎರಡೂ ವಿಷಯಕ್ಕೆ ಓದುಗರಿರುವ ಊರು ನಮ್ಮ ಭಾಗದಲ್ಲಿಯೇ ಇರುವಾಗ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ.

ಉತ್ತರ 4: ಆನೆಗೊಂದಿ ಮೇಷ್ಟ್ರು, ಕೊಪ್ಪಳ ಜಿಲ್ಲೆ

ಡಾಕ್ಟರಮ್ಮನವರು ಬೀದರ್ ಎಂದರು, ನಾನು ತುಂಗಭದ್ರೆಯ ದಂಡೆಯ ಪರವಾಗಿ ಒಂದು ಮಾತು ಸೇರಿಸುತ್ತೇನೆ. ವಿಜಯನಗರದ ಅರಸರು ಪರ್ಷಿಯನ್ ಕೊಲ್ಲಿಯ ಹಾರ್ಮುಜ್‌ನಿಂದ ಹಡಗಿನಲ್ಲಿ ಕುದುರೆ ತರಿಸುತ್ತಿದ್ದರು. ಸಾಳುವ ನರಸಿಂಹನು ಸಾವಿರ ಪರ್ದಾವ್ ಚಿನ್ನದ ನಾಣ್ಯಗಳಿಗೆ ಮೂರರಂತೆ ಸತ್ತವನ್ನೂ ಬದುಕಿದವನ್ನೂ ಕೊಳ್ಳುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಪೂರ್ತಿ ಹಣ ಸಿಗುತ್ತಿತ್ತೆಂದೂ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ಹಂಪಿಯ ಹಜಾರರಾಮ ಗುಡಿಯ ಪ್ರಾಕಾರದ ಹೊರಗೋಡೆಯ ಮೇಲೆ ಸಾಲುಗಟ್ಟಿ ನಡೆಯುವ ಕುದುರೆಗಳನ್ನು ವಿದ್ಯಾರ್ಥಿಗಳಿಗೆ ತೋರಿಸುವಾಗ ಜೀನು, ಕಡಿವಾಣ, ರಿಕಾಪುಗಳನ್ನು ವಿವರಿಸುವ ಸವಾರಿಯ ಕೈಪಿಡಿಯೊಂದು ಕೈಯಲ್ಲಿದ್ದರೆ ಕಲ್ಲು ಬೇರೆಯೇ ಮಾತಾಡುತ್ತದೆ. 798 ಎಂದು ಗ್ರಂಥಪಾಲಕರು ಗುರುತು ಹಾಕಿದ ಪುಸ್ತಕ ಇತಿಹಾಸದ ಮೇಷ್ಟ್ರಿಗೂ ಬೇಕಾಗುತ್ತದೆ ಎಂದು ಹೇಳಲು ಇಷ್ಟು ಬರೆದೆ.

ಕಾದಂಬರಿಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಪತ್ತೇದಾರಿಗಳನ್ನು ಓದುವವರಿಗೆ ಹಂಚಿಬಿಡಿ. ಅನಕೃ, ತರಾಸು ಅವರ ಮೊದಲ ಮುದ್ರಣಗಳಿದ್ದರೆ ಮುಖಪುಟ ಹರಿದಿದ್ದರೂ ಎಸೆಯಬೇಡಿ, ಹೊಸ ರಟ್ಟು ಕಟ್ಟಿಸುವಾಗ ಹಳೆಯ ಮುಖಪುಟವನ್ನು ಒಳಗೆ ಸೇರಿಸಿ ಹೊಲಿಸಿ.

ಪ್ರಶ್ನೆ ಕೇಳಿದವರಿಂದ: ಕೌಲ್‌ಬಜಾರ್ ಓದುಗ, ಬಳ್ಳಾರಿ

ಎಲ್ಲರಿಗೂ ಧನ್ಯವಾದಗಳು. ಸಿರುಗುಪ್ಪದ ಹಿರಿಯರು ಹೇಳಿದಂತೆ ಸಂಪುಟಗಳನ್ನು ತೆರೆದು ನೋಡಿದೆ. ಡಕೋಟಾ ಮತ್ತು ಪ್ಯಾಕೆಟ್ ಸಾಗಾಣಿಕೆ ವಿಮಾನಗಳ ಪುಟಗಳ ಅಂಚು ಕೈಯಾಡಿ ಕಪ್ಪಾಗಿದೆ, ಹೊರುವ ಭಾರದ ಅಂಕಿಗಳ ಕೆಳಗೆ ಪೆನ್ಸಿಲ್ ಗೆರೆಗಳಿವೆ. ಅದಕ್ಕಿಂತ ಅಚ್ಚರಿಯಾದದ್ದು ‘ಬ್ಲ್ಯಾಕ್ ಬ್ಯೂಟಿ’. ಗಾಡಿಯ ಕುದುರೆ ಅಂದವಾಗಿ ಕಾಣಲೆಂದು ಅದರ ತಲೆಯನ್ನು ಮೇಲಕ್ಕೆಳೆದು ಬಿಗಿದು ಕಟ್ಟುವ ಲಗಾಮಿನ ಪ್ರಸಂಗ ಬಂದಲ್ಲೆಲ್ಲ ಮಾವ ಅಂಚಿನಲ್ಲಿ ಅಂಗರಚನೆಯ ಪುಸ್ತಕದ ಪುಟಸಂಖ್ಯೆ ಬರೆದಿದ್ದಾರೆ. ಆ ಪುಟಗಳನ್ನು ತೆರೆದರೆ ಕುತ್ತಿಗೆಯ ಸ್ನಾಯುಗಳ ಮತ್ತು ಶ್ವಾಸನಾಳದ ಚಿತ್ರಗಳಿವೆ. ಇದನ್ನು ಅಣ್ಣನಿಗೆ ತೋರಿಸಿದ ಮೇಲೆ ಅವನು ರದ್ದಿಯ ಮಾತನ್ನು ಎತ್ತಿಲ್ಲ. ಗ್ರಂಥಪಾಲಕರೇ, ಹೀಗಿರುವಾಗಲೂ ಇದು 823ಕ್ಕೇ ಹೋಗಬೇಕೇ?

ಉತ್ತರ 5: ಪಶುವೈದ್ಯೆ, ಸಿಂಧನೂರು

ನನಗೆ ಕೇಳಿದ ಪ್ರಶ್ನೆಯಲ್ಲದಿದ್ದರೂ ಹೇಳುತ್ತೇನೆ. 1877ರಲ್ಲಿ ಪ್ರಕಟವಾದ ಆ ಪುಸ್ತಕವನ್ನು ಬರೆದ ಆನಾ ಸೂವೆಲ್ ಅವರು ಚಿಕ್ಕಂದಿನಲ್ಲಿಯೇ ಕಾಲಿಗೆ ಪೆಟ್ಟಾಗಿ ಓಡಾಟಕ್ಕೆ ಕುದುರೆಗಾಡಿಯನ್ನೇ ನಂಬಿದ್ದವರು. ಕುದುರೆಯನ್ನು ನೋಡಿಕೊಳ್ಳುವವರು ಓದಲಿ ಎಂದೇ ಅದನ್ನು ಬರೆದರು. ನಿಮ್ಮ ಮಾವ ಅದನ್ನು ಬರೆದವರ ಉದ್ದೇಶದಂತೆಯೇ ಓದಿದ್ದಾರೆ.

ಉತ್ತರ 6: ನಿವೃತ್ತ ಗ್ರಂಥಪಾಲಕ, ರಾಯಚೂರು

ಅಂಗಡಿಯಲ್ಲಿ ಸಿಗುವ ‘ಬ್ಲ್ಯಾಕ್ ಬ್ಯೂಟಿ’ 823ಕ್ಕೇ ಸೇರಿದ್ದು. ನಿಮ್ಮ ಪ್ರತಿ ಮಾತ್ರ ಅಂಗರಚನೆಯ ಪುಸ್ತಕದ ಪಕ್ಕದಲ್ಲಿರಲಿ, ಎರಡನ್ನೂ ಯಾರಿಗೂ ಕೊಡಬೇಡಿ. ಬರವಣಿಗೆಯಿರುವ ಉಳಿದ ಪುಸ್ತಕಗಳನ್ನೂ ಹೀಗೆಯೇ ಹುಡುಕಿ ತೆಗೆದು ಅತ್ತೆಯವರ ವಶಕ್ಕೆ ಬಿಡಿ. ಖಾಲಿ ಅಂಚಿನವು ಬೀದರಿಗೂ ಆನೆಗೊಂದಿಗೂ ಹೋಗಲಿ. ಕಳಿಸುವ ಮೊದಲು ಪ್ರತಿ ಪುಸ್ತಕದ ಹೆಸರು, ಮುದ್ರಣದ ವರ್ಷ, ಪಕ್ಕದಲ್ಲಿ ಯಾವ ಪುಸ್ತಕವಿತ್ತು ಎಂಬುದು, ಇಷ್ಟನ್ನು ನೋಟ್‌ಪುಸ್ತಕದಲ್ಲಿ ಬರೆದಿಡಿ, ಕಪಾಟಿನ ಫೋಟೊ ತೆಗೆದುಕೊಳ್ಳಿ. ಪುಸ್ತಕದ ಮೇಲೆ ಕ್ರಮಸಂಖ್ಯೆ ಹಾಕುವುದಿದ್ದರೆ ಪೆನ್ನು ಬೇಡ, ಮೆದು ಪೆನ್ಸಿಲ್ಲಿನಲ್ಲಿ ಹಾಕಿ. ಧೂಳು ಒರೆಸುವಾಗ ರಬ್ಬರನ್ನು ಹತ್ತಿರಕ್ಕೂ ತರಬೇಡಿ.