ಬಿ.ಕಾಂ. ಆದ್ಮೇಲೆ ಕೊರಿಯಾದಲ್ಲಿ ಏನು ಓದ್ಲಿ?

ಮಳೆಹುಡುಗಿ: ಹಾಸನದಲ್ಲಿ ಬಿ.ಕಾಂ. ಕೊನೇ ವರ್ಷ. ಎರಡು ವರ್ಷದಿಂದ ಕೊರಿಯನ್ ಕಲೀತಿದ್ದೀನಿ. ಅಪ್ಪನ ಮೆಣಸಿನ ಲೆಕ್ಕದ ಪುಸ್ತಕದಲ್ಲಿ ಹಂಗುಲ್ (ಕೊರಿಯನ್ ಲಿಪಿ) ತಿದ್ದಿ ಬೈಸಿಕೊಂಡಿದ್ದೂ ಆಯ್ತು. ಅಲ್ಲಿ ಬಿಸಿನೆಸ್ ಓದ್ಲಾ, ಕೊರಿಯನ್ ಸ್ಟಡೀಸಾ? ದುಡ್ಡು ಅಷ್ಟಕ್ಕಷ್ಟೇ.

ತೋಟದಣ್ಣ: ಮೊದಲು ಜಿಕೆಎಸ್ ನೋಡಮ್ಮ, ಕೊರಿಯಾ ಸರ್ಕಾರದ್ದೇ ಸ್ಕಾಲರ್‌ಶಿಪ್. ಎಂ.ಎ.ಗೆ 1 ವರ್ಷ ಭಾಷೆ, 2 ವರ್ಷ ಓದು. ಭಾಷೆಯ ವರ್ಷ ಮುಗಿಯೋದ್ರೊಳಗೆ ಟೋಪಿಕ್ ಅನ್ನೋ ಕೊರಿಯನ್ ಭಾಷಾ ಪರೀಕ್ಷೇಲಿ 3ನೇ ಹಂತ ದಾಟಬೇಕು. ಒಟ್ಟು 6 ಹಂತ. (ಏಜೆಂಟರ ಹತ್ರ ಹೋದ್ರೆ ಟೋಪಿಕ್ ಅಲ್ಲ, ಟೋಪಿನೇ!)

ಚಿಕ್ಕಮಗಳೂರಿನವ: ನಾನು ಸೋಲ್‌ನಲ್ಲಿ ಎರಡು ವರ್ಷ ಬಿಸಿನೆಸ್ ಓದಿದವ. ಪಾಠ ಇಂಗ್ಲಿಷಲ್ಲಿ ಅಂದಿದ್ರು, ಸರಿ. ಆದ್ರೆ ಗುಂಪಿನ ಪ್ರಾಜೆಕ್ಟಿಗೆ ಕೂತ್ರೆ ಹತ್ತೇ ನಿಮಿಷಕ್ಕೆ ಎಲ್ಲರೂ ಕೊರಿಯನ್‌ಗೆ ಜಾರೋರು. ನಾನು ಸ್ಲೈಡಿಗೆ ಬಣ್ಣ ಹಚ್ಚೋನು ಅಷ್ಟೇ. ಭಾಷೆ ಬಂದ್ಮೇಲೇ ಚೇಬೊಲ್ ಅಂದ್ರೇನು, ಸ್ಯಾಮ್ಸಂಗ್, ಹ್ಯುಂಡೈ ಥರದ ಮನೆತನದ ಕಂಪನಿಗಳು ಹೇಗೆ ನಡೀತವೆ ಅನ್ನೋದು ತಲೆಗೆ ಹತ್ತಿದ್ದು. ನಮಗೆ ವ್ಯಾಕರಣ ಕಷ್ಟ ಇಲ್ಲ, ಕ್ರಿಯಾಪದ ಕನ್ನಡದ ಹಾಗೇ ಕೊನೇಲಿ. ‘ನೀನು’, ‘ನೀವು’ ಥರ ಮರ್ಯಾದೆ ಮಾತೂ ಉಂಟು, ಇನ್ನೂ ಜಾಸ್ತಿನೇ! ನನ್ನ ಕೇಳಿದ್ರೆ ಬಿಸಿನೆಸ್ ತಗೊಂಡು, ಸಮಾಜಶಾಸ್ತ್ರದ ಒಂದೆರಡು ಪೇಪರ್ ಸೇರಿಸ್ಕೊ. ಮಾರ್ಚ್‌ನಲ್ಲಿ ಸೆಮಿಸ್ಟರ್ ಶುರು, ಚಳಿ ಮುಳ್ಳಯ್ಯನಗಿರಿ ಥರ ಅಲ್ಲ, ಒಳ್ಳೇ ಜಾಕೆಟ್ ಇರ್ಲಿ.

ಮಳೆಹುಡುಗಿ: ಥ್ಯಾಂಕ್ಸ್ ಅಣ್ಣ. ಅಪ್ಪಂಗೆ ಸ್ಕಾಲರ್‌ಶಿಪ್ ಅಂದೆ, ಹಂಗುಲ್ ತಿದ್ದೋಕೆ ಆ ಲೆಕ್ಕದ ಪುಸ್ತಕ ಅವರೇ ಕೈಗೆ ಕೊಟ್ರು.