ಸಾಂಕ್ರಾಮಿಕದ ಬಗ್ಗೆ ಪುಟ್ಟ ಮಕ್ಕಳಿಗೆ ಹೇಗೆ ಹೇಳೋದು?

ಪ್ರಶ್ನೆ:
ಕೊರೊನಾ ಥರದ್ದು ಮತ್ತೆ ಬಂದರೆ 5–6 ವರ್ಷದ ಮಗುವಿಗೆ ಏನಂತ ಹೇಳಬೇಕು? "ಕೈ ತೊಳಿ" ಅಂದರೆ ನೀರು ಮುಟ್ಟಿಸಿ ಓಡುತ್ತೆ. ಸೋಂಕು ತಗಲಿ ಮನೇಲೊಬ್ಬರು ಬೇರೆ ಕೋಣೆ ಸೇರಿದರೆ ಅಳು ಬೇರೆ.

ಉತ್ತರ 1:
ಕಾಳುಮೆಣಸಿನ ಆಟ ಆಡಿಸಿ. ಸ್ಟೀಲ್ ತಟ್ಟೆಯಲ್ಲಿ ಒಂದು ಬೆರಳು ದಪ್ಪ ನೀರು, ಮೇಲೆ ಎರಡು ಚಿಟಿಕೆ ಕಾಳುಮೆಣಸಿನ ಪುಡಿ. ಮೊದಲು ಬರೀ ಬೆರಳು ಅದ್ದಿಸಿ, ಪುಡಿ ಅಂಟುತ್ತೆ. ಆಮೇಲೆ ಬೆರಳ ತುದಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಹಚ್ಚಿ ಮುಟ್ಟಿಸಿ, ಪುಡಿ ಸರ್ರನೆ ಅಂಚಿಗೆ ಓಡುತ್ತೆ. ಎರಡನೇ ಸಲ ಓಡಲ್ಲ. ಸೋಪು ಆಗಲೇ ನೀರಿನ ಮೇಲ್ಮೈ ಸೆಳೆತ ಕುಗ್ಗಿಸಿರುತ್ತೆ. ತಟ್ಟೆ ಚೆನ್ನಾಗಿ ತೊಳೆದು ಹೊಸ ನೀರು ಹಾಕಿ. ಕೈ ತೊಳೆಸೋದು 20 ಸೆಕೆಂಡು. ಹೆಬ್ಬೆರಳು, ಉಗುರಿನ ಸಂದು ಬಿಟ್ಟುಹೋಗೋದೇ ಹೆಚ್ಚು.

ಉತ್ತರ 2:
ಆಟ ಸರಿ, ಆದ್ರೆ "ವೈರಸ್ ಹೆದರಿ ಓಡುತ್ತೆ" ಅನ್ನಬೇಡಿ. ಸೋಪು ಅದರ ಕೊಬ್ಬಿನ ಹೊದಿಕೆ ಒಡೆಯುತ್ತೆ, ನೀರು ಕೊಚ್ಚಿಕೊಂಡು ಹೋಗುತ್ತೆ. ಇನ್ನೊಂದು, ಈ ವಯಸ್ಸಿನವರು ತಾವು ಹಟ ಮಾಡಿದ್ದಕ್ಕೇ ಅಜ್ಜಿಗೆ ಜ್ವರ ಬಂತು ಅಂದ್ಕೊಳ್ತಾರೆ. ಕೇಳದಿದ್ದರೂ ಹೇಳಿ: "ಹಟ ಮಾಡಿದ್ರೆ ಯಾರಿಗೂ ಜ್ವರ ಬರಲ್ಲ ಪುಟ್ಟಾ." "ನಾಳೆ ಹೊರಗೆ ಬರ್ತಾರೆ" ಅನ್ನೋ ಸುಳ್ಳು ಬೇಡ; ದಿನಾ ಒಂದೇ ಹೊತ್ತಿಗೆ ವೀಡಿಯೊ ಕಾಲ್ ಇರಲಿ.

ಉತ್ತರ 3:
ಹೆದರಿಕೆಗೆ ಹಾಸಿಗೆ ಒದ್ದೆ ಮಾಡೋದು, ಬೆರಳು ಚೀಪೋದು ಮರಳಿದರೆ ಗದರಬೇಡಿ. ವಾರಗಟ್ಟಲೆ ನಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಮಾಸ್ಕ್? 2020ರ ವಿಶ್ವ ಆರೋಗ್ಯ ಸಂಸ್ಥೆ ಸಲಹೆಯಂತೆ 5 ವರ್ಷ ಮತ್ತು ಕೆಳಗಿನವರಿಗೆ ಕಡ್ಡಾಯ ಬೇಡ.