ಹಾರ್ಡ್‌ಟೇಲ್‌ಗೆ ರಿಜಿಡ್ ಫೋರ್ಕ್: 440, 470, 490, ಯಾವುದು ತಗೊಳ್ಳಲಿ?

ಪಣಂಬೂರು_ಪೆಡಲ್:

ನನ್ನದು ಆರು ವರ್ಷ ಹಳೆಯ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್. 29 ಇಂಚಿನ ಚಕ್ರ, ಅಲ್ಯೂಮಿನಿಯಂ ಫ್ರೇಮ್, ಮುಂದಿನ ಚಕ್ರ ಹಿಡಿಯುವುದು 100 ಎಂಎಂ ಟ್ರಾವೆಲ್ (ಒತ್ತಿದರೆ ಇಳಿಯುವಷ್ಟು) ಇರುವ ಕಾಯಿಲ್ ಫೋರ್ಕ್, ಅಂದರೆ ಒಳಗೆ ಸ್ಪ್ರಿಂಗ್ ಇರುವುದು. ವಾರದಲ್ಲಿ ನಾಲ್ಕು ದಿನ ಸುರತ್ಕಲ್‌ನಿಂದ ಮಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಭಾನುವಾರ ಪಿಲಿಕುಳ ಕಡೆ, ಇಲ್ಲವೇ ಗುರುಪುರದ ಆಚೆ ಮಣ್ಣಿನ ದಾರಿ ಸಿಕ್ಕಿದಲ್ಲಿ ಸುಮ್ನೆ ತಿರುಗಾಟ.

ಈಗ ಫೋರ್ಕಿನ ಕತೆ ಮುಗಿದಿದೆ. ಕಳೆದ ಎರಡು ಆಟಿ ಮಳೆಯಲ್ಲಿ ಒಳಗಿನ ಕೊಳವೆಯ ಮೇಲೆ ಸಾಸಿವೆ ಕಾಳಿನಷ್ಟು ತುಕ್ಕಿನ ಚುಕ್ಕಿಗಳು ಎದ್ದವು, ಅವು ಸೀಲನ್ನು ಕೆರೆದವು, ಆ ಸಂದಿಯಲ್ಲಿ ನೀರು ಒಳಗೆ ಹೋಯಿತು. ಈಗ ಒತ್ತಿದರೆ ಇಳಿಯುತ್ತದೆ, ಮೇಲೆ ಬರಬೇಕಾದರೆ ಅದಕ್ಕೇ ಮನಸ್ಸು ಬರಬೇಕು. ಫೋರ್ಕ್ ಕುಸಿಯದಂತೆ ಬಿಗಿ ಮಾಡುವ ಲಾಕ್‌ಔಟ್ ಗುಬ್ಬಿ ಎಷ್ಟು ತಿರುಗಿಸಿದರೂ ತಿರುಗುತ್ತಲೇ ಇರುತ್ತದೆ. ಅಂಗಡಿಯವರು ಬಿಚ್ಚಿ ನೋಡಿ, ಇದಕ್ಕೆ ಸೀಲ್ ಸಿಗುವುದಿಲ್ಲ, ಹೊಸದೇ ಹಾಕಿ ಅಂದರು.

ಹೇಗೂ ದುಡ್ಡು ಹಾಕುವುದಾದರೆ ಸ್ಪ್ರಿಂಗೇ ಇಲ್ಲದ ರಿಜಿಡ್ ಫೋರ್ಕ್ ಯಾಕಾಗಬಾರದು ಅನ್ನಿಸಿತು. ನನ್ನ ದಾರಿ ಜಾಸ್ತಿ ಡಾಂಬರು, ಕಾಂಕ್ರೀಟು. ತಣ್ಣೀರುಬಾವಿಯಿಂದ ಸುಲ್ತಾನ್ ಬತ್ತೇರಿಗೆ ದಾಟುವಾಗ ಈ ಭಾರದ ಸೈಕಲ್ಲನ್ನು ದೋಣಿಗೆ ಎತ್ತಿ ಎತ್ತಿ ಸೊಂಟವೂ ದೂರು ಹೇಳುತ್ತಿದೆ. ಆದರೆ ಹುಡುಕಿದರೆ ಎಲ್ಲದರ ಮೇಲೂ ಎಂಟಿಬಿ (ಮೌಂಟನ್ ಬೈಕ್) ಡಿಸ್ಕ್ ಫೋರ್ಕ್ ಅಂತಲೇ ಬರೆದಿದೆ, ಉದ್ದ ಮಾತ್ರ ಒಂದು 440 ಎಂಎಂ, ಒಂದು 470, ಒಂದು 490. ಏನು ವ್ಯತ್ಯಾಸ? ಸ್ಟೀಲ್, ಅಲ್ಯೂಮಿನಿಯಂ, ಕಾರ್ಬನ್ ಯಾವುದು ಒಳ್ಳೆಯದು? ತಲೆ ಕೆಟ್ಟು ಹೋಗಿದೆ.

ಸ್ಪ್ಯಾನರ್_ಮಾವ:

ಮಂಡೆ ಬಿಸಿ ಮಾಡಿಕೊಳ್ಳಬೇಡಿ ಮಾರಾಯ್ರೆ. ಮೊದಲು ಟೇಪ್ ಹಿಡಿದುಕೊಳ್ಳಿ.

ಆ ಸಂಖ್ಯೆ ಆಕ್ಸಲ್-ಟು-ಕ್ರೌನ್ ಉದ್ದ. ಮುಂದಿನ ಚಕ್ರದ ಆಕ್ಸಲ್‌ನ ನಡುವಿನಿಂದ ಶುರು ಮಾಡಿ, ಹೆಡ್ ಟ್ಯೂಬಿನ (ಫ್ರೇಮಿನ ಮುಂದಿನ ನಿಂತ ಕೊಳವೆ) ಕೆಳಗೆ ಕ್ರೌನ್ ರೇಸ್ ಅನ್ನುವ ಬಳೆ ಕೂರುವ ಜಾಗದವರೆಗೆ ಅಳೆಯಬೇಕು. 29ರ 100 ಎಂಎಂ ಸಸ್ಪೆನ್ಷನ್ ಫೋರ್ಕುಗಳು ಸಾಮಾನ್ಯವಾಗಿ 500ರಿಂದ 510ರ ಒಳಗೆ ಬರುತ್ತವೆ. ಹಾಗಂತ 505ರ ರಿಜಿಡ್ ಹುಡುಕಬೇಡಿ. ನೀವು ಸೀಟಿನ ಮೇಲೆ ಕೂತಾಗ ಸಸ್ಪೆನ್ಷನ್ ಸ್ವಲ್ಪ ಕುಸಿಯುತ್ತದಲ್ವಾ, ಅದೇ ಸ್ಯಾಗ್. ಟ್ರಾವೆಲ್‌ನ 20-25 ಶೇಕಡ ಅಂದರೆ ನಿಮ್ಮದರಲ್ಲಿ 20-25 ಎಂಎಂ. ಫ್ರೇಮ್ ಮಾಡಿದವರು ಆ ಕುಸಿತ ಲೆಕ್ಕ ಹಾಕಿಯೇ ಕೋನ ಇಟ್ಟಿರುತ್ತಾರೆ, ರಿಜಿಡ್ ಮಾತ್ರ ಒಂದು ಕೂದಲೂ ಕುಸಿಯುವುದಿಲ್ಲ. ಹಾಗಾಗಿ ಅಳೆದದ್ದರಲ್ಲಿ ಸ್ಯಾಗ್ ಕಳೆಯಿರಿ, 480ರ ಆಸುಪಾಸು ಬರುತ್ತದೆ.

ಒಳ್ಳೆಯ ಫೋರ್ಕ್ ಆದರೆ ಕೊಳವೆಗೆ ಜಿಪ್ ಟೈ ಕಟ್ಟಿ, ಕೂತು, ಇಳಿದು, ಎಷ್ಟು ಜಾರಿದೆ ಅಂತ ಅಳೆಯಬಹುದಿತ್ತು. ನಿಮ್ಮದು ಅರ್ಧದಲ್ಲಿ ಸಿಕ್ಕಿಬೀಳುವುದರಿಂದ ಆ ಲೆಕ್ಕ ಸುಳ್ಳು ಹೇಳುತ್ತದೆ. ಮುಂದಿನ ಚಕ್ರ ಎತ್ತಿ, ಎಳೆದು ಪೂರ್ತಿ ಉದ್ದ ಮಾಡಿ ಅಳೆಯಿರಿ.

20 ಎಂಎಂ ಹೆಚ್ಚುಕಡಿಮೆ ಆದರೆ ಹೆಡ್ ಆಂಗಲ್, ಅಂದರೆ ಹೆಡ್ ಟ್ಯೂಬಿನ ಓರೆ, ಸುಮಾರು ಒಂದು ಡಿಗ್ರಿ ಬದಲಾಗುತ್ತದೆ. 470 ಆಗಲಿ 490 ಆಗಲಿ ಲೋಕ ಮುಳುಗುವುದಿಲ್ಲ. ಸರ್ಲಿ ಕಂಪನಿಯವರ ಓಗರ್ ಸೈಕಲ್ಲಿನ ಫೋರ್ಕ್ 468, ಕ್ರಾಂಪಸ್‌ನದು 483, ಎರಡೂ 29ರ ಸೈಕಲ್ಲಿಗೇ. ಆದರೆ 440 ಮುಟ್ಟಲೇಬೇಡಿ, ಅದು 26 ಇಂಚಿನ ಕಾಲದ್ದು.

ಎಂಡ್‌ಪಾಯಿಂಟ್_ಇಳಿಜಾರು:

440 ಮುಟ್ಟಬೇಡಿ ಅಂದರಲ್ಲ, ಮುಟ್ಟಿದವನು ನಾನು.

ಮಣಿಪಾಲದಲ್ಲಿ ಓದುವಾಗ ಸೆಕೆಂಡ್ ಹ್ಯಾಂಡ್ ಒಂದು ಸಿಕ್ಕಿತು. 445 ಉದ್ದ, ಡಿಸ್ಕ್ ಮೌಂಟ್ ಇತ್ತು, 29ರ ಚಕ್ರ ಇಟ್ಟು ನೋಡಿದೆ, ಸಲೀಸಾಗಿ ತಿರುಗಿತು, ಟೈರಿನ ಮೇಲೆ ಎರಡು ಬೆರಳು ಜಾಗವೂ ಇತ್ತು. ಚಕ್ರ ಹಿಡಿದರೆ ಆಯಿತು ಅಂತ ನನ್ನ ಬುದ್ಧಿ. ಹಾಕಿದ ಮೇಲೆ ಹ್ಯಾಂಡಲ್ ಮುಂದಕ್ಕೆ ಬಗ್ಗಿ, ಹುಲ್ಲು ಮೇಯುವ ದನದ ಹಾಗೆ ಕಾಣುತ್ತಿತ್ತು. ಇಳಿಜಾರಿನಲ್ಲಿ ಕೈ ಸ್ವಲ್ಪ ಅಲುಗಿದರೂ ಮುಂದಿನ ಚಕ್ರ ಅತ್ತಿತ್ತ ಹೊರಳುವುದು. ಮುಂದೆ ತಗ್ಗಿದರೆ ನಡುವೂ ತಗ್ಗುತ್ತದೆ ಅಂತ ಗೊತ್ತಾಗಿದ್ದು ಆಮೇಲೆ: ಪೆಡಲ್ ತಿರುಗುವ ಬಾಟಮ್ ಬ್ರಾಕೆಟ್ ಹನ್ನೆರಡು ಹದಿಮೂರು ಎಂಎಂ ಕೆಳಗೆ ಬಂದಿತ್ತು. ಒಂದು ತಿರುವಿನಲ್ಲಿ ಪೆಡಲ್ ಮುರಕಲ್ಲಿಗೆ ತಾಗಿತು. ಮೊಣಕೈಯ ಗುರುತು ಈಗಲೂ ಉಂಟು.

ಮೂರು ವಾರ ಓಡಿಸಿ ಮಾರಿದೆ. 26ರ ಸೈಕಲ್ ಇದ್ದವರಿಗೇ ಮಾರಿದೆ, ಪಾಪ ಕಟ್ಟಿಕೊಳ್ಳಲಿಲ್ಲ.

ಮಲ್ಪೆ_ಗಾಳಿ:

ಲೋಹದ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಯಿಂದ ಕಡಲು ಕಾಣುತ್ತದೆ, ಮನೆಯ ಗೇಟು ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತದೆ.

ಸ್ಟೀಲ್ ಅಂದರೆ ಮೆತ್ತಗೆ, ಸ್ಪ್ರಿಂಗ್ ಹಾಗೆ ಬಾಗುತ್ತದೆ ಅಂತ ಹೇಳುವವರ ಮಾತು ಪೂರ್ತಿ ನಂಬಬೇಡಿ. ಫೋರ್ಕಿನ ಇಷ್ಟು ಉದ್ದದ ಕಾಲಿಗೆ ಡಿಸ್ಕ್ ಬ್ರೇಕಿನ ಜೋರು ತಡೆಯಬೇಕು, ಹಾಗಾಗಿ ಕೊಳವೆ ದಪ್ಪವೇ ಇರುತ್ತದೆ. ಕ್ರೋಮೊಲಿ ಸ್ಟೀಲ್ ಫೋರ್ಕ್ ಒಂದು ಕಿಲೋ ಮೇಲೆ ಚಿಲ್ಲರೆ, ಅಲ್ಯೂಮಿನಿಯಂ ಒಂದು ಕಿಲೋ ಒಳಗೆ ಹೊರಗೆ, ಕಾರ್ಬನ್ ಇನ್ನೂ ಹಗುರ. ನಿಮ್ಮ ಕಾಯಿಲ್ ಫೋರ್ಕ್ ಎರಡೂವರೆ ಕಿಲೋ ಹತ್ತಿರ ಇರಬೇಕು. ಯಾವುದು ಹಾಕಿದರೂ ಸೊಂಟಕ್ಕೆ ಒಂದು ಕಿಲೋಗಿಂತ ಜಾಸ್ತಿ ಉಳಿತಾಯ.

ಸ್ಟೀಲ್ ತಗೊಂಡರೆ ಹೊರಗಿನ ಪೇಂಟ್ ನೋಡಿ ಸಮಾಧಾನ ಪಡಬೇಡಿ, ತುಕ್ಕು ಶುರುವಾಗುವುದು ಒಳಗಿನಿಂದ. ಕಾಲಿನ ಕೆಳಗೆ ಸಣ್ಣ ತೂತು ಇರುತ್ತದೆ, ಅದನ್ನು ಮುಚ್ಚಬೇಡಿ. ಹಾಕುವ ಮುಂಚೆ ಆ ತೂತಿನಿಂದ ಮತ್ತು ಸ್ಟೀರರ್ (ಹೆಡ್ ಟ್ಯೂಬಿನೊಳಗೆ ಹೋಗುವ ಮೇಲಿನ ಕೊಳವೆ) ಒಳಗಿನಿಂದ ಬೇಯಿಸಿದ ಅಗಸೆ ಎಣ್ಣೆ ಬಿಟ್ಟು, ಫೋರ್ಕನ್ನು ತಿರುವಿ ತಿರುವಿ ಎಲ್ಲ ಕಡೆ ತಾಗಿಸಿ, ಎರಡು ಮೂರು ದಿನ ಒಣಗಲು ನೇತುಹಾಕಿ. ಅದು ಒಣಗಿ ಪದರ ಕಟ್ಟುತ್ತದೆ. ತೆಂಗಿನೆಣ್ಣೆ ಆಗುವುದಿಲ್ಲ, ಅದು ಒಣಗುವುದಿಲ್ಲ. ನಮ್ಮ ಅಪ್ಪ ಅದನ್ನೇ ಹಾಕಿದ್ದರು, ಇರುವೆ ಬಂತು.

ಅಲ್ಯೂಮಿನಿಯಂಗೆ ಈ ಕಿರಿಕಿರಿ ಇಲ್ಲ, ಆದರೆ ಅದಕ್ಕೆ ಹಾಕುವ ಸ್ಟೀಲ್ ಬೋಲ್ಟುಗಳು ಉಪ್ಪು ಗಾಳಿಗೆ ಕಚ್ಚಿಕೊಳ್ಳುತ್ತವೆ. ಗ್ರೀಸ್ ಹಚ್ಚದೆ ತಿರುಗಿಸಬೇಡಿ.

ಪಣಂಬೂರು_ಪೆಡಲ್:

ಎಂತ ಸಾವು ಮಾರಾಯ್ರೆ, ಇಷ್ಟೆಲ್ಲ ಇದೆಯಾ! ಅಳೆದೆ. ಎಳೆದು ಉದ್ದ ಮಾಡಿದಾಗ 507. ಅಂದರೆ 482-487 ಅಲ್ವಾ. ಇನ್ನೊಂದು ಸಂಶಯ, ಹೆಡ್ ಟ್ಯೂಬಿನ ಕೆಳಗಿನ ಬಾಯಿ ಮೇಲಿನದಕ್ಕಿಂತ ದಪ್ಪ ಇದೆ. ಮುಂದಿನ ಚಕ್ರ ಕ್ವಿಕ್ ರಿಲೀಸ್, ಅಂದರೆ ಸಣ್ಣ ಲಿವರ್ ತಿರುಗಿಸಿ ಬಿಚ್ಚುವುದು.

ಸ್ಪ್ಯಾನರ್_ಮಾವ:

ಹೌದು, ನಿಮಗೆ 480ರಿಂದ 490. ಕೆಳಗೆ ದಪ್ಪ ಅಂದರೆ ಟೇಪರ್ಡ್ ಇರಬೇಕು, ಫೋರ್ಕ್ ಬಿಚ್ಚಿದಾಗ ಖಾತ್ರಿ ಮಾಡಿಕೊಳ್ಳಿ. ಟೇಪರ್ಡ್ ಫೋರ್ಕ್ ಸಿಕ್ಕಿದರೆ ಅದೇ ತಗೊಳ್ಳಿ. ನೇರ 28.6 ಎಂಎಂ ಸ್ಟೀರರ್ ಇರುವುದು ಸಿಕ್ಕಿದರೂ ಪರವಾಗಿಲ್ಲ, ರೆಡ್ಯೂಸರ್ ಕ್ರೌನ್ ರೇಸ್ ಹಾಕಿ ಕೂರಿಸಬಹುದು. ಹಳೆಯ ಸಣ್ಣ ನೇರ ಹೆಡ್ ಟ್ಯೂಬಿಗೆ (ಒಳಗೆ 34 ಎಂಎಂ) ಟೇಪರ್ಡ್ ಮಾತ್ರ ಯಾವ ಉಪಾಯ ಮಾಡಿದರೂ ಹೋಗುವುದಿಲ್ಲ.

ಹಬ್ ನೋಡಿಕೊಳ್ಳಿ. ಥ್ರೂ ಆಕ್ಸಲ್ (ಹಬ್ ಮೂಲಕ ದಪ್ಪ ಸರಳು ತೂರುವ) ಫೋರ್ಕಿಗೆ ಕ್ವಿಕ್ ರಿಲೀಸ್ ಹಬ್ ಹಾಗೇ ಕೂರುವುದಿಲ್ಲ, ಥ್ರೂ ಆಕ್ಸಲ್‌ನಲ್ಲೂ 100 ಎಂಎಂ ಅಗಲದ್ದು ಬೇರೆ, 110ರ ಬೂಸ್ಟ್ ಬೇರೆ. ಚಕ್ರ ಬದಲಿಸುವ ಯೋಚನೆ ಇಲ್ಲದಿದ್ದರೆ ಕ್ವಿಕ್ ರಿಲೀಸ್ ಫೋರ್ಕೇ ತಗೊಳ್ಳಿ, ಆದರೆ ಡ್ರಾಪ್‌ಔಟ್ (ಆಕ್ಸಲ್ ಕೂರುವ ಕಚ್ಚು) ತುದಿಯಲ್ಲಿ ಆಕ್ಸಲ್ ಜಾರದಂತೆ ಸಣ್ಣ ತುಟಿ ಇರುವುದನ್ನೇ. ಡಿಸ್ಕ್ ಬ್ರೇಕ್ ಜೋರಾಗಿ ಹಿಡಿದಾಗ ಆಕ್ಸಲ್ ಕೆಳಗೆ ಜಾರಲು ನೋಡುತ್ತದೆ. ಡಿಸ್ಕ್ ಹಿಡಿಯುವ ಕ್ಯಾಲಿಪರ್ ಪೋಸ್ಟ್ ಮೌಂಟ್ ಆಗಿದ್ದು ಫೋರ್ಕಿನಲ್ಲಿ ಐಎಸ್ ಮೌಂಟ್ ಇದ್ದರೆ (ಎರಡೂ ಬೋಲ್ಟ್ ಕೂರುವ ಬೇರೆ ಬೇರೆ ರೀತಿ) ಅಡಾಪ್ಟರ್ ಬೇಕು. ಒಟ್ಟಿಗೇ ಆರ್ಡರ್ ಮಾಡಿ, ಇಲ್ಲದಿದ್ದರೆ ಸೈಕಲ್ ಹತ್ತು ದಿನ ಬ್ರೇಕಿಲ್ಲದೆ ಗೋಡೆಗೆ ಒರಗಿರುತ್ತದೆ.

ಗೇರುಬೀಜ_ಗುಡ್ಡೆ:

ಎಲ್ಲರೂ ಉದ್ದ ಅಗಲ ಹೇಳಿದಿರಿ, ಹಾಕಬೇಕಾ ಅಂತ ಯಾರೂ ಕೇಳಲಿಲ್ಲ. ನಾನು ಮೂಡುಬಿದಿರೆ ಕಡೆಯವನು. ನಮ್ಮ ಗೇರು ಗುಡ್ಡೆಯ ಇಳಿಜಾರಿನಲ್ಲಿ ಮುರಕಲ್ಲು ಇಡ್ಲಿ ತಟ್ಟೆ ಹಾಗೆ ಕುಳಿ ಕುಳಿ. ಒಂದು ವರ್ಷ ರಿಜಿಡ್ ಓಡಿಸಿದೆ. ಕೆಳಗೆ ಬರುವಷ್ಟರಲ್ಲಿ ಬ್ರೇಕ್ ಲಿವರ್ ಹಿಡಿದ ಬೆರಳು ಬಿಡಿಸಲು ಇನ್ನೊಂದು ಕೈ ಬೇಕಾಗುತ್ತಿತ್ತು. ಅಂಥ ದಾರಿಯೇ ಇಷ್ಟ ಅಂದರೆ ಸ್ಪ್ರಿಂಗ್ ಬದಲು ಗಾಳಿ ತುಂಬುವ ಏರ್ ಫೋರ್ಕಿಗೆ ದುಡ್ಡು ಕೂಡಿಸಿ.

ನಿಮ್ಮದು ಹೈವೇ, ಪಿಲಿಕುಳ ಅಂದರೆ ರಿಜಿಡ್ ಸಾಕು, ಆದರೆ ಮುಂದಿನ ಟೈರ್ ದಪ್ಪ ಮಾಡಿ. ಫೋರ್ಕ್ ಸ್ಟೀಲಾ ಕಾರ್ಬನ್ನಾ ಅನ್ನುವುದಕ್ಕಿಂತ ಕೈಗೆ ಗೊತ್ತಾಗುವುದು ಟೈರು. 2.1 ಇಂಚಿನದು ಇದ್ದರೆ ತೆಗೆದು 2.35 ಹಾಕಿ, ಟ್ಯೂಬ್‌ಲೆಸ್ ಮಾಡಿ. ನಾನು 70 ಕಿಲೋ, ಮಣ್ಣಿನಲ್ಲಿ ಮುಂದೆ 22 ಪಿಎಸ್‌ಐ ಇಡುತ್ತೇನೆ. ಅಂಗಡಿಯಲ್ಲಿ 45 ತುಂಬಿಸಿ ಕಳಿಸುತ್ತಾರೆ, ಮನೆಗೆ ಬಂದು ಗಾಳಿ ಬಿಡುತ್ತೇನೆ.

ಪಣಂಬೂರು_ಪೆಡಲ್:

ಸರಿ, ತೀರ್ಮಾನ ಮಾಡಿದೆ. ಅಲ್ಯೂಮಿನಿಯಂ, 485, ಟೇಪರ್ಡ್, ಕ್ವಿಕ್ ರಿಲೀಸ್. ಅಡಾಪ್ಟರೂ ಒಟ್ಟಿಗೇ ಹೇಳಿದ್ದೇನೆ. ಟೈರ್ ಮುಂದಿನ ಸಂಬಳಕ್ಕೆ. ಸ್ಟೀರರ್ ಉದ್ದ ಬರುತ್ತದಂತೆ, ಹಳೆಯದರ ಅಳತೆಗೆ ಸರಿಯಾಗಿ ಕತ್ತರಿಸಲಾ?

ಸ್ಪ್ಯಾನರ್_ಮಾವ:

ಹಾಗೆ ಮಾಡಬೇಡಿ! ಹೊಸದರ ಕ್ರೌನ್ ಅಳತೆ ಬೇರೆ ಇರಬಹುದು. ಹೆಡ್‌ಸೆಟ್ (ಬೇರಿಂಗ್), ಸ್ಪೇಸರ್ (ಬಳೆ), ಸ್ಟೆಮ್ (ಹ್ಯಾಂಡಲ್ ಹಿಡಿಯುವ ತುಂಡು) ಎಲ್ಲ ಹಾಕಿ ಗುರುತು ಮಾಡಿ, ಅದರ ಮೇಲೆ ಇನ್ನೂ ಎರಡು ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಉಳಿದದ್ದಕ್ಕೆ ಸ್ಟೆಮ್ ಮೇಲೆ ಸ್ಪೇಸರ್ ಹಾಕಿ. ಒಂದು ತಿಂಗಳು ಓಡಿಸಿ ಕೈ ಬೆನ್ನು ಒಪ್ಪಿದ ಮೇಲೆ ಪುನಃ ಕತ್ತರಿಸಬಹುದು. ಗರಗಸ ಇಲ್ಲದಿದ್ದರೆ ಶನಿವಾರ ಸಂಜೆ ಬನ್ನಿ, ನನ್ನ ಹತ್ತಿರ ಉಂಟು. ಹಳೆ ಫೋರ್ಕ್ ಬಿಸಾಡಬೇಡಿ, ಅದರ ಸ್ಪ್ರಿಂಗ್ ನನಗೆ ಬೇಕು.